ಶಾಸ್ತ್ರಪದಗಳಲ್ಲಿ ಯವನಧಾತುಗಳು

ಕಂಪಲಾಪುರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಬಲಿತು ಎಲೆ ಮುರಿಯುವ ಕಾಲ ಬಂದಿತೆಂದರೆ ಬ್ಯಾರನ್ನುಗಳಲ್ಲಿ ಹಗಲೂ ಇರುಳೂ ಬೆಂಕಿ ಆರುವುದಿಲ್ಲ. ಒಳಗೆ ತೂಗುಬಿಟ್ಟ ಎಲೆಯ ಹದ ಕೆಡದಂತೆ ಶಾಖವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕಾದುದರಿಂದ ರೈತನು ನಡುರಾತ್ರಿಯಲ್ಲೆದ್ದು ಥರ್ಮಾಮೀಟರನ್ನು ನೋಡಿ, ಸೌದೆಯನ್ನು ಮುಂದಕ್ಕೆ ನೂಕಿ, ಮತ್ತೆ ಮಲಗುತ್ತಾನೆ. ಅದೇ ಮನೆಯಲ್ಲಿ ಮಗಳ ಮದುವೆ ನಿಶ್ಚಯವಾದಾಗ ಜೋಯಿಸರು ಪಂಚಾಂಗವನ್ನು ಬಿಡಿಸಿ ಲಗ್ನಕ್ಕೆ ‘ಜಾಮಿತ್ರಶುದ್ಧಿ’ ಉಂಟೆ ಇಲ್ಲವೆ ಎಂದು ನೋಡುತ್ತಾರೆ. ಶರಣರು ಮುಹೂರ್ತದ ಗೊಡವೆಯನ್ನೇ ಒಪ್ಪಲಿಲ್ಲವೆಂಬ ಮಾತು ಬೇರೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಬ್ಯಾರನ್ನಿನ ಥರ್ಮಾಮೀಟರಿನಲ್ಲಿರುವ ‘ಮೀಟರ್’ ಎಂಬುದೂ ಪಂಚಾಂಗದ ಜಾಮಿತ್ರದಲ್ಲಿರುವ ‘ಮಿತ್ರ’ವೆಂಬುದೂ ಒಂದೇ ಪದ. ಎರಡೂ ‘ಅಳತೆ’ ಎಂಬ ಅರ್ಥದ ಗ್ರೀಕ್ ಶಬ್ದ ‘ಮೆತ್ರಾನ್’ ಎಂಬುದರಿಂದ ಬಂದವು. ಒಂದು ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಸಂಸ್ಕೃತದ ಬಾಗಿಲಿನಿಂದ ಒಳಬಂದಿತು. ಇನ್ನೊಂದು ಇಂಗ್ಲಿಷಿನ ಬಾಗಿಲಿನಿಂದ ನಿನ್ನೆ ಮೊನ್ನೆ ಬಂದಿತು. ಮೊದಲನೆಯದನ್ನು ನಮ್ಮದೆಂದೂ ಎರಡನೆಯದನ್ನು ಪರಕೀಯವೆಂದೂ ಭಾವಿಸುವುದು ರೂಢಿ.

ಯುರೋಪಿನ ಭಾಷೆಗಳಲ್ಲಿ ಶಾಸ್ತ್ರಪದಗಳೆಲ್ಲ ಬಹುಮಟ್ಟಿಗೆ ಗ್ರೀಕ್ ಧಾತುಗಳಿಂದ ಆದವೆಂಬುದು ವಿದ್ಯಾವಂತರಿಗೆ ತಿಳಿದ ಸಂಗತಿ. ಆದರೆ ಆ ಪದಗಳನ್ನು ಪ್ರಾಚೀನ ಗ್ರೀಕರೇ ಬಳಸುತ್ತಿದ್ದರೆಂಬ ಭ್ರಮೆ ಕೆಲವರಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ಶಾಖವನ್ನಳೆಯುವ ಸಾಧನವನ್ನು ಅರಿಸ್ಟಾಟಲನು ಕಂಡವನಲ್ಲ. ‘ಥರ್ಮೋಸ್’ ಎಂದರೆ ಬಿಸಿಯಾದುದು. ಅದಕ್ಕೆ ‘ಮೆತ್ರಾನ್’ ಸೇರಿಸಿ ಆದ ಪದವು ಮೊದಲು ಕಾಣುವುದು 1624ರ ಒಂದು ಫ್ರೆಂಚ್ ಪುಸ್ತಕದಲ್ಲಿ. ಗೆಲಿಲಿಯೋವಿನ ಗೌರವಾರ್ಥ 1611ರಲ್ಲಿ ರೋಮಿನಲ್ಲಿ ನಡೆದ ಔತಣವೊಂದರಲ್ಲಿ ಅವನ ದೂರದರ್ಶಕಕ್ಕೆ ‘ಟೆಲಿಸ್ಕೋಪ್’ ಎಂಬ ಹೆಸರು ಬಿದ್ದಿತು. ‘ತೆಲೆ’ ಎಂದರೆ ದೂರ, ‘ಸ್ಕೊಪೇಯಿನ್’ ಎಂದರೆ ನೋಡುವುದು. ‘ಬಯಾಲಜಿ’ ಎಂಬ ಪದಕ್ಕೆ ಜೀವಶಾಸ್ತ್ರವೆಂಬ ಇಂದಿನ ಅರ್ಥ ಸ್ಥಿರವಾದುದು 1800ರ ಸುಮಾರಿಗೆ. ಸಂತೆಯಲ್ಲಿ ಶುಂಠಿ ತೂಗುವವಳು ‘ಒಂದು ಕಿಲೋ’ ಎನ್ನುತ್ತಾಳೆ. ಗ್ರೀಕಿನಲ್ಲಿ ‘ಖಿಲಿಯೊಯಿ’ ಎಂದರೆ ಸಾವಿರ. ಅದನ್ನು ಕತ್ತರಿಸಿ ಫ್ರೆಂಚರು 1795ರಲ್ಲಿ ತಮ್ಮ ಹೊಸ ಅಳತೆಗಳಿಗೆ ಅಂಟಿಸಿದರು. ಅದು ನಮ್ಮ ದೇಶದ ತಕ್ಕಡಿಗೆ ಬಂದುದು 1958ರಲ್ಲಿ. ಸೇರು ಮಣಗಳ ಲೆಕ್ಕವನ್ನು ಬಿಟ್ಟು ಹಳ್ಳಿಯ ಹೆಂಗಸರು ಇದನ್ನು ಕಲಿತುಕೊಂಡ ವೇಗವನ್ನು ನೋಡಿದರೆ, ಪದ ಯಾವ ದೇಶದ್ದೆಂಬುದು ಬಳಸುವವರಿಗೆ ಅಡ್ಡಿಯಲ್ಲವೆಂದು ಸ್ಪಷ್ಟವಾಗುತ್ತದೆ.

ಗ್ರೀಕನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಉತ್ತರ ಕಷ್ಟವಾದುದಲ್ಲ. ವೈದ್ಯ, ರೇಖಾಗಣಿತ, ಜ್ಯೋತಿಷ ಇವುಗಳಲ್ಲಿ ರೋಮನರಿಗೆ ಗುರುಗಳಾಗಿದ್ದವರು ಗ್ರೀಕರು. ಅವರ ಪದಗಳು ಲ್ಯಾಟಿನ್ನಿನ ಮೂಲಕ ಯುರೋಪಿನ ವಿದ್ಯಾಪೀಠಗಳಲ್ಲಿ ಉಳಿದುಬಂದವು. ಅದಕ್ಕಿಂತ ಮುಖ್ಯವಾದುದು ಆ ಭಾಷೆಯ ಸಮಾಸಶಕ್ತಿ. ಎರಡು ಧಾತುಗಳನ್ನು ಕೂಡಿಸಿದರೆ ಮೂರನೆಯ ಅರ್ಥ ತಾನಾಗಿ ನಿಲ್ಲುತ್ತದೆ. ಈ ಗುಣದಲ್ಲಿ ಅದಕ್ಕೆ ಸರಿಜೋಡಿಯಾದ ಭಾಷೆ ಸಂಸ್ಕೃತ.

ಇನ್ನು ನಮ್ಮ ಕಡೆಗೆ ತಿರುಗಬಹುದು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯವನರ ಜಾತಕಪದ್ಧತಿ ಭಾರತಕ್ಕೆ ಬಂದಾಗ ಅದರ ಪಾರಿಭಾಷಿಕ ಪದಗಳೂ ಜೊತೆಯಲ್ಲಿ ಬಂದವು. ಸ್ಫುಜಿಧ್ವಜನ ಯವನಜಾತಕದಲ್ಲಿಯೂ ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿಯೂ ಅವು ಧಾರಾಳವಾಗಿವೆ. ‘ಹೋರಾ’ ಎಂಬುದು ಗ್ರೀಕಿನ ಹೊತ್ತು. ಇಂಗ್ಲಿಷಿನ ‘ಅವರ್’ ಎಂಬುದೂ ಅದೇ. ವರಾಹಮಿಹಿರನು ಮಾತ್ರ ‘ಅಹೋರಾತ್ರ’ ಎಂಬ ಪದದ ಮೊದಲ ಅಕ್ಷರವನ್ನೂ ಕೊನೆಯ ಅಕ್ಷರವನ್ನೂ ತೆಗೆದರೆ ಹೋರಾ ಆಗುತ್ತದೆಂದು ಕೆಲವರ ಮತವನ್ನು ಹೇಳುತ್ತಾನೆ. ನಿರುಕ್ತಿ ಚಮತ್ಕಾರವಾಗಿದೆ, ಸತ್ಯವಲ್ಲ. ಆದರೆ ಅದೇ ವರಾಹಮಿಹಿರನು ಯವನರು ಮ್ಲೇಚ್ಛರಾದರೂ ಈ ಶಾಸ್ತ್ರದಲ್ಲಿ ಬಲ್ಲವರಾದುದರಿಂದ ಋಷಿಗಳಂತೆ ಪೂಜ್ಯರೆಂದು ತನ್ನ ಬೃಹತ್ಸಂಹಿತೆಯಲ್ಲಿ ಹೇಳಿರುವನಾದ್ದರಿಂದ ಸಾಲವನ್ನು ಮರೆಮಾಚುವ ಉದ್ದೇಶ ಅವನಿಗಿರಲಿಲ್ಲವೆನ್ನಬೇಕು.

‘ಕೇಂದ್ರ’ವೆಂಬುದು ಗ್ರೀಕಿನ ‘ಕೆಂತ್ರಾನ್’. ಅದರ ಮೂಲಾರ್ಥ ಮುಳ್ಳು, ಚುಚ್ಚುವ ಮೊನೆ. ವೃತ್ತವನ್ನೆಳೆಯುವಾಗ ಕೈವಾರದ ಕದಲದ ಕಾಲು ಊರಿದ ಜಾಗ ಅದು. ಇಂದು ಪರೀಕ್ಷಾಕೇಂದ್ರ, ಆರೋಗ್ಯಕೇಂದ್ರ, ತಾಲ್ಲೂಕುಕೇಂದ್ರವೆಂದು ದಿನಕ್ಕೆ ಹತ್ತು ಸಲ ಹೇಳುವವರಲ್ಲಿ ಯಾರಿಗೂ ಅದು ಹೊರಗಿನ ಪದವೆಂಬ ಗುಮಾನಿಯೂ ಇಲ್ಲ. ‘ಜಾಮಿತ್ರ’ವು ‘ದಿಯಾಮೆತ್ರಾನ್’, ಅಂದರೆ ವ್ಯಾಸ. ಲಗ್ನಕ್ಕೆ ನೇರ ಎದುರಾದ ಏಳನೆಯ ಮನೆಯಾದುದರಿಂದ ಆ ಹೆಸರು. ರೇಖಾಗಣಿತದ ‘ಡಯಾಮೀಟರ್’ ಅದೇ. ನಾಲ್ಕನೆಯ ಮನೆಗೆ ‘ಹಿಬುಕ’ವೆನ್ನುತ್ತಾರೆ, ಅದು ‘ಹುಪೊಗೇಯೊನ್’, ನೆಲದ ಅಡಿಯದು. ಅದರ ನಡುವಿನ ‘ಗೆ’ ಭೂಮಿಯನ್ನು ಹೇಳುತ್ತದೆ. ಜಿಯಾಗ್ರಫಿ, ಜಿಯಾಲಜಿ, ಜಿಯಾಮೆಟ್ರಿಗಳ ಮೊದಲ ಅಕ್ಷರವೂ ಇದೇ. ರಾಶಿಯ ಮೂರರಲ್ಲಿ ಒಂದು ಭಾಗವಾದ ‘ದ್ರೇಕ್ಕಾಣ’ವು ‘ದೆಕಾನೊಸ್’. ಹತ್ತು ಅಂಶಗಳ ಪಾಲು. ಅಂಶದ ಅರುವತ್ತನೆಯ ಭಾಗ ‘ಲಿಪ್ತಾ’. ಗ್ರೀಕಿನ ‘ಲೆಪ್ತಾನ್’, ಸಣ್ಣದು, ತೆಳುವಾದದ್ದು. 1948ರಲ್ಲಿ ಭೌತವಿಜ್ಞಾನಿ ರೋಸೆನ್‌ಫೆಲ್ಡರು ಎಲೆಕ್ಟ್ರಾನಿನಂತಹ ಹಗುರ ಕಣಗಳಿಗೆ ‘ಲೆಪ್ಟಾನ್’ ಎಂದು ಹೆಸರಿಟ್ಟಾಗ ಅದೇ ಪದ ಮತ್ತೊಮ್ಮೆ ಹುಟ್ಟಿತು.

ಬೃಹಜ್ಜಾತಕದಲ್ಲಿ ಬರುವ ರಾಶಿಗಳ ಯವನನಾಮಗಳು ಇನ್ನೂ ರಸವತ್ತಾಗಿವೆ. ಕುಂಭಕ್ಕೆ ಅಲ್ಲಿ ‘ಹೃದ್ರೋಗ’ವೆಂಬ ಹೆಸರಿದೆ. ಓದಿದವರು ಎದೆಯ ಕಾಯಿಲೆಯೆಂದು ಬೆಚ್ಚಬೇಕಾಗಿಲ್ಲ. ಅದು ‘ಹುದ್ರೊಖೊಒಸ್’, ನೀರು ಸುರಿಯುವವನು. ಸಂಸ್ಕೃತದ ಕಿವಿಗೆ ಹೃದ್ರೋಗವಾಗಿ ಕೇಳಿಸಿತು. ಅದರ ಮೊದಲರ್ಧವೇ ‘ಹೈಡ್ರೋಜನ್’ ಎಂಬಲ್ಲಿರುವ ನೀರು. ಧನುಸ್ಸಿಗೆ ‘ತೌಕ್ಷಿಕ’, ಗ್ರೀಕಿನ ‘ತೊಕ್ಸೊತೇಸ್’, ಬಿಲ್ಲುಗಾರ. ‘ತೊಕ್ಸೊನ್’ ಎಂದರೆ ಬಿಲ್ಲು. ಬಾಣಕ್ಕೆ ಸವರುವ ಮದ್ದು ‘ತೊಕ್ಸಿಕೊನ್’. ಬರಬರುತ್ತ ಬಿಲ್ಲು ಮರೆತುಹೋಗಿ ವಿಷವಷ್ಟೇ ಉಳಿಯಿತು. ವಿಷಶಾಸ್ತ್ರವನ್ನು ಯುರೋಪಿನವರು ‘ಟಾಕ್ಸಿಕಾಲಜಿ’ ಎನ್ನುವುದು ಇದರಿಂದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ಬರೆದಾಗ, ಆ ಶಾಸ್ತ್ರದ ಯುರೋಪಿಯನ್ ಹೆಸರಿಗೆ ಮೂಲವಾಗಲಿದ್ದ ಪದದ ಒಂದು ಕವಲು ಜೋಯಿಸರ ಓಲೆಗರಿಗಳಲ್ಲಿ ಧನುರಾಶಿಯ ವೇಷದಲ್ಲಿ ಕುಳಿತಿತ್ತು. ಕನ್ಯೆಗೆ ‘ಪಾಥೋನ’; ‘ಪಾರ್ಥೆನೊಸ್’ ಎಂದರೆ ಕನ್ಯೆ. ಗಂಡಿನ ಸಂಪರ್ಕವಿಲ್ಲದೆ ಕೆಲವು ಕೀಟಗಳು ಮರಿಮಾಡುವುದನ್ನು ಜೀವಶಾಸ್ತ್ರದ ಅಧ್ಯಾಪಕರು ಯಾವ ಪದದಿಂದ ಕರೆಯುತ್ತಾರೆಂದು ಕೇಳಿದರೆ ಆ ಪಾಥೋನವೇ ಉತ್ತರವಾಗಿ ಬರುತ್ತದೆ.

ಈ ಶಾಸ್ತ್ರ ಕನ್ನಡಕ್ಕೆ ಇಳಿದುದು ತಡವಾಗಿಯೇನೂ ಅಲ್ಲ. ಶ್ರೀಧರಾಚಾರ್ಯನ ಜಾತಕತಿಲಕ 1049ರ ಗ್ರಂಥ. ಗ್ರೀಕರಿಗೂ ಕನ್ನಡನಾಡಿಗೂ ಅದಕ್ಕಿಂತ ಹಿಂದಿನ ನೇರ ಸಂಪರ್ಕವಿತ್ತೆಂಬ ವಾದವೂ ಉಂಟು. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ತೀರದ ಪಾತ್ರಗಳಾಡುವ ಮಾತು ಕನ್ನಡವೆಂದು ಹುಲ್ಟ್‌ಜ್ ಅವರು 1904ರಲ್ಲಿ ಸೂಚಿಸಿದರು; ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರಲ್ಲಿ ಆಸಕ್ತಿ ವಹಿಸಿದರು, ಬಾರ್ನೆಟ್ಟರು ಒಪ್ಪಲಿಲ್ಲ. ಅಭಿಮಾನಕ್ಕೆ ಹಿತವಾದ ಮಾತೆಂದ ಮಾತ್ರಕ್ಕೆ ಅದನ್ನು ಪಾಠದಲ್ಲಿ ಸಿದ್ಧಾಂತವಾಗಿ ಹೇಳುವುದು ಯುಕ್ತವಲ್ಲ. ಹೋರಾ ಕೇಂದ್ರಗಳ ಸಾಕ್ಷ್ಯಕ್ಕೆ ಅಂತಹ ಊರುಗೋಲು ಬೇಕಾಗಿಲ್ಲ.

ಇಲ್ಲಿ ಅಧ್ಯಾಪಕರು ಎಚ್ಚರದಿಂದ ಬೇರ್ಪಡಿಸಬೇಕಾದ ಎರಡು ಬಗೆಗಳಿವೆ. ಗ್ರೀಕಿನ ‘ದೆಕ’ ಸಂಸ್ಕೃತದ ‘ದಶ’ವನ್ನು ಹೋಲುತ್ತದೆ, ‘ಪಾತೇರ್’ ಎಂಬುದು ‘ಪಿತೃ’ವನ್ನು, ‘ಒನೊಮ’ ಎಂಬುದು ‘ನಾಮ’ವನ್ನು. ಇವು ಸಾಲವಲ್ಲ. ಸರ್ ವಿಲಿಯಂ ಜೋನ್ಸರು 1786ರಲ್ಲಿ ಹೇಳಿದಂತೆ ಈ ಭಾಷೆಗಳು ಒಂದೇ ಮೂಲದಿಂದ ಕವಲೊಡೆದವು; ಆದ್ದರಿಂದ ಇವು ಒಡಹುಟ್ಟಿದ ಪದಗಳು. ಕೇಂದ್ರ, ಹೋರಾ, ಜಾಮಿತ್ರಗಳಾದರೋ ಅತಿಥಿಗಳಾಗಿ ಬಂದು ಮನೆಯವರಾದವು. ಕನ್ನಡದ ಸ್ಥಿತಿ ಮತ್ತೂ ಬೇರೆ. ಕನ್ನಡವು ದ್ರಾವಿಡವರ್ಗದ ಭಾಷೆಯೆಂಬುದು ಎಲ್ಲಿಸ್, ಕಾಲ್ಡ್‌ವೆಲ್ಲರ ಕಾಲದಿಂದ ನಿರ್ವಿವಾದ. ಆದುದರಿಂದ ಕನ್ನಡಕ್ಕೆ ಗ್ರೀಕೂ ಅತಿಥಿ, ಸಂಸ್ಕೃತವೂ ಅತಿಥಿ. ಸಂಸ್ಕೃತ ಬಹಳ ಹಿಂದೆ ಬಂದ ಅತಿಥಿಯೆಂಬುದಷ್ಟೇ ವ್ಯತ್ಯಾಸ. ಸಂಸ್ಕೃತವನ್ನು ಓದಿ ಬೆಳೆದ ಪಂಡಿತರಿಗೆ ಈ ಮಾತು ರುಚಿಸದಿರಬಹುದು. ಎಂಟನೆಯ ತರಗತಿಯ ಹುಡುಗನಿಗೆ ಮಾತ್ರ ಇದು ದಿನನಿತ್ಯದ ಅನುಭವ.

ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಹೊರಟ ಮೊದಲಿಗರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದುದು ಸುಮಾರು ಎರಡೇ ವರ್ಷ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದಿತು. ಅನಂತರ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು, ಮೈಸೂರಿನಿಂದಲೇ ಹೊರಟ ಕನ್ನಡ ವಿಶ್ವಕೋಶ, 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಪತ್ರಿಕೆ; ಹೀಗೆ ಕೆಲಸ ಸಾಗಿಬಂದಿದೆ.

ಈ ಪದಸೃಷ್ಟಿಯ ಗುಣದೋಷಗಳೆರಡನ್ನೂ ತೋರಿಸಲು ‘ಆಮ್ಲಜನಕ’ವೊಂದೇ ಸಾಕು. ಲಾವಾಸಿಯೇ ಎಂಬ ಫ್ರೆಂಚ್ ರಸಾಯನಜ್ಞನು 1770ರ ದಶಕದ ಕೊನೆಯಲ್ಲಿ ಆ ಅನಿಲಕ್ಕೆ ‘ಆಕ್ಸಿಜನ್’ ಎಂದು ಹೆಸರಿಟ್ಟನು. ‘ಒಕ್ಸುಸ್’ ಎಂದರೆ ಹುಳಿ. ‘ಗೆನ್’ ಎಂಬುದು ಹುಟ್ಟಿಸುವುದು. ಹುಳಿಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆಂದು ಅವನು ನಂಬಿದ್ದನು. ನಂಬಿಕೆ ತಪ್ಪಾಗಿತ್ತು. ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಅನಿಲದ ಲೇಶವೂ ಇಲ್ಲವೆಂಬುದು 1810ರಲ್ಲಿ ಹಂಫ್ರಿ ಡೇವಿಯ ಪ್ರಯೋಗಗಳಿಂದ ತಿಳಿದುಬಂದಿತು. ಅಷ್ಟರೊಳಗೆ ಹೆಸರು ನಿಂತುಹೋಗಿತ್ತು. ಕನ್ನಡದವರು ಅದನ್ನು ಧಾತುಧಾತುವಾಗಿ ತರ್ಜುಮೆಮಾಡಿ ಲಾವಾಸಿಯೇಯ ತಪ್ಪನ್ನೂ ನಿಷ್ಠೆಯಿಂದ ಉಳಿಸಿಕೊಂಡರು. ಆದರೆ ಅದರಲ್ಲೊಂದು ಸೊಗಸಿದೆ. ‘ಗೆನ್’ ಎಂಬುದಕ್ಕೆ ‘ಜನಕ’ವೆಂದಿಟ್ಟಾಗ ಅವರು ಇಟ್ಟುದು ಬರಿಯ ಅನುವಾದವನ್ನಲ್ಲ; ಆ ಧಾತುವಿನ ಒಡಹುಟ್ಟಿದ ‘ಜನ್’ ಧಾತುವನ್ನೇ. ಹೈಡ್ರೋಜನ್ ಹೀಗೆಯೇ ‘ಜಲಜನಕ’ವಾಯಿತು. ನೈಟ್ರೋಜನ್ ಎಂಬುದಕ್ಕೆ ಮಾತ್ರ ಅವರು ‘ನಿತ್ರಾನ್’ ಎಂಬ ಉಪ್ಪನ್ನು ಕೈಬಿಟ್ಟು ‘ಸಾರಜನಕ’ವೆಂದರು. ಗ್ರೀಕ್ ಹೆಸರಿಗಿಂತ ಇದು ಮೇಲಾಗಿದೆ. ಗೊಬ್ಬರದ ಮೂಟೆಯ ಮೇಲೆ ಆ ಪದವನ್ನು ಓದಿದ ರೈತನು, ನೆಲಕ್ಕೆ ಸಾರವನ್ನು ಕೊಡುವುದೆಂದು ಯಾರ ನೆರವೂ ಇಲ್ಲದೆ ಬಿಡಿಸಿಕೊಳ್ಳಬಲ್ಲನು. ಅದೇ ಮೂಟೆಯ ‘ರಂಜಕ’ವು ‘ಫಾಸ್ಫರಸ್’; ಗ್ರೀಕಿನಲ್ಲಿ ಬೆಳಕನ್ನು ಹೊರುವುದು ಎಂದರ್ಥ. ಕತ್ತಲಲ್ಲಿ ಹೊಳೆಯುವ ಅದರ ಗುಣ ಕನ್ನಡದ ಹೆಸರಿನಲ್ಲಿ ಅಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

‘ವಿದ್ಯುತ್’ ಎಂಬಲ್ಲಿ ಎರಡು ನಾಡುಗಳ ಕಣ್ಣು ಬೇರೆಯಾಗಿರುವುದು ಕಾಣುತ್ತದೆ. ಗ್ರೀಕರು ‘ಎಲೆಕ್ತ್ರಾನ್’ ಎಂದುದು ಗಟ್ಟಿಯಾದ ಮರದ ರಾಳವನ್ನು, ಅಂಬರನ್ನು. ಉಣ್ಣೆಗೆ ಉಜ್ಜಿದರೆ ಅದು ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. 1600ರಲ್ಲಿ ಗಿಲ್ಬರ್ಟನು ಆ ಗುಣಕ್ಕೆ ರಾಳದ ಹೆಸರನ್ನೇ ಕೊಟ್ಟನು. 1891ರಲ್ಲಿ ಸ್ಟೋನಿಯು ವಿದ್ಯುತ್ತಿನ ಕನಿಷ್ಠ ಮಾನಕ್ಕೆ ‘ಎಲೆಕ್ಟ್ರಾನ್’ ಎಂದನು. ನಮ್ಮವರು ಆಕಾಶದ ಮಿಂಚನ್ನು ನೋಡಿ ಹೆಸರಿಟ್ಟರು. ಹೆಸರಿನಲ್ಲಿ ನಮ್ಮದೇ ಹೆಚ್ಚು ಭವ್ಯವೆನ್ನಬಹುದು. ಪ್ರಯೋಗ ಮಾಡಿದವರು ಮಾತ್ರ ರಾಳವನ್ನು ಉಜ್ಜಿದವರು.

ಈಗ ಮುಖ್ಯವಾದ ತೊಡಕಿಗೆ ಬರಬೇಕು. ಪಾಠಪುಸ್ತಕದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಿದೆ. ಮಠದ ಪ್ರಸಾದನಿಲಯದಲ್ಲಿದ್ದು ಓದುವ ಹೆಗ್ಗಡದೇವನಕೋಟೆಯ ಕಾಡಂಚಿನ ಹುಡುಗನಿಗೆ ದ್ಯುತಿಯೂ ತಿಳಿಯದು, ಸಂಶ್ಲೇಷಣೆಯೂ ತಿಳಿಯದು. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು ಅವನು ಬಲ್ಲ. ಆ ಹೆಸರು ಅವನಿಗೆ ಬರಿಯ ಸದ್ದು. ಅದನ್ನು ಬಾಯಿಪಾಠ ಮಾಡಿ ಹತ್ತನೆಯ ತರಗತಿಯನ್ನು ದಾಟುತ್ತಾನೆ. ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನವನ್ನು ಆರಿಸಿಕೊಂಡರೆ ಪಾಠ ಇಂಗ್ಲಿಷಿನಲ್ಲಿ. ಅಲ್ಲಿ ‘ಫೋಟೋಸಿಂಥೆಸಿಸ್’ ಎಂಬ ಇನ್ನೊಂದು ಸದ್ದು ಎದುರಾಗುತ್ತದೆ. ಕಲಿತ ಹಳೆಯ ಸದ್ದು ಕೆಲಸಕ್ಕೆ ಬಾರದೆ ಹೋಗುತ್ತದೆ. ಲೆಕ್ಕದಲ್ಲಿ ಚುರುಕಾಗಿದ್ದವರೂ ಪದಗಳಿಗೆ ಹೆದರಿ ಆ ಶಾಖೆಯನ್ನು ಬಿಟ್ಟುಬಿಡುವುದುಂಟು. ವಿಷಯ ತಿಳಿಯದೆ ಬಿಟ್ಟವರಲ್ಲ ಅವರು. ಹೆಸರು ತಿಳಿಯದೆ ಬಿಟ್ಟವರು.

ವಿಪರ್ಯಾಸವೇನೆಂದರೆ ಈ ಎರಡು ಹೆಸರುಗಳೂ ಒಂದೇ ಅಚ್ಚಿನಲ್ಲಿ ಎರಕಹೊಯ್ದವು. ‘ಫೋಸ್’ ಎಂದರೆ ಬೆಳಕು, ‘ದ್ಯುತಿ’ ಎಂದರೂ ಬೆಳಕು. ‘ಸುನ್’ ಎಂದರೆ ‘ಸಂ’, ‘ಥೆಸಿಸ್’ ಎಂದರೆ ಇಡುವುದು, ಕೂಡಿಸುವುದು. ಮೂರನೆಯ ಪಿರಿಯಡ್ಡಿನಲ್ಲಿ ಕನ್ನಡ ಪಂಡಿತರು ಒಂದೇ ಪದಕ್ಕೆ ಎರಡರ್ಥ ಅಂಟಿಕೊಂಡಿರುವುದೇ ಶ್ಲೇಷಾಲಂಕಾರವೆಂದು ಕಪ್ಪುಹಲಗೆಯ ಮೇಲೆ ಬರೆದು ಹೋಗುತ್ತಾರೆ. ನಾಲ್ಕನೆಯ ಪಿರಿಯಡ್ಡಿನಲ್ಲಿ ವಿಜ್ಞಾನದ ಮೇಷ್ಟರು ಅದನ್ನು ಒರೆಸಿ ದ್ಯುತಿಸಂಶ್ಲೇಷಣೆಯೆಂದು ಬರೆಯುತ್ತಾರೆ. ಒರೆಸಿದ ಶ್ಲೇಷವೂ ಬರೆದ ಶ್ಲೇಷವೂ ಒಂದೇ ಎಂದು ಹೇಳುವವರಿಲ್ಲ. ಹೇಳಲು ಅರ್ಧ ನಿಮಿಷ ಸಾಕು.

ಇಂತಹ ಧಾತುಗಳ ಸಂಖ್ಯೆ ಹೆದರುವಷ್ಟಿಲ್ಲ. ಬೆಳಕು, ನೀರು, ಭೂಮಿ, ಜೀವ, ಬಿಸಿ, ಅಳತೆ, ಬರಹ, ದೂರ, ಸಣ್ಣದು, ದೊಡ್ಡದು, ಹುಟ್ಟು ಎಂಬ ಮೂವತ್ತು ನಲವತ್ತು ಪದಗಳ ಗ್ರೀಕ್ ರೂಪವನ್ನೂ ಅದಕ್ಕೆದುರಾಗಿ ಸಂಸ್ಕೃತರೂಪವನ್ನೂ ಕನ್ನಡದ ಅರ್ಥವನ್ನೂ ಬರೆದು ತರಗತಿಯ ಗೋಡೆಗೆ ಹಾಕಿದರೆ, ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಕಣ್ಣಿಗೆ ಬಿದ್ದೇ ಅವು ನೆಲೆಯಾಗುತ್ತವೆ. ಒಳ್ಳೆಯ ನಿಘಂಟುಗಳೆರಡು ಮೂರು ಗ್ರಂಥಾಲಯದ ಬೀಗದೊಳಗಿರದೆ ಮಕ್ಕಳ ಕೈಗೆಟುಕುವ ಮೇಜಿನ ಮೇಲಿರಬೇಕು.

ಸಂಸ್ಕೃತಪದಗಳನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಎಲ್ಲವನ್ನೂ ಸಂಸ್ಕೃತದಿಂದಲೇ ಕಟ್ಟಬೇಕೆಂದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ನಡೆದ ದಾರಿ ಕಣ್ಣಮುಂದಿದೆ. ಷಟ್‌ಸ್ಥಲದ ಭಕ್ತ, ಮಹೇಶ, ಪ್ರಸಾದಿ ಮೊದಲಾದ ಹೆಸರುಗಳನ್ನು ಅವರು ಸಂಸ್ಕೃತದಲ್ಲಿಯೇ ಇಟ್ಟುಕೊಂಡರು. ಶೂನ್ಯವೆಂಬ ತೊಡಕಿನ ತತ್ತ್ವಕ್ಕೆ ಮಾತ್ರ ಊರಾಚೆಯ ‘ಬಯಲ’ನ್ನು ತಂದರು, ಜ್ಞಾನಕ್ಕೆ ‘ಅರಿವು’ ಎಂದರು. ‘ದಾಸೋಽಹಂ’ ಎಂಬ ಇಡೀ ಸಂಸ್ಕೃತವಾಕ್ಯವನ್ನು ‘ದಾಸೋಹ’ವೆಂಬ ಒಂದು ಕನ್ನಡ ನಾಮಪದವಾಗಿ ಮಾಡಿಕೊಂಡರು. ವ್ಯಾಕರಣಜ್ಞರು ಹುಬ್ಬುಗಂಟಿಕ್ಕಬಹುದಾದ ಕೆಲಸ. ಆದರೆ ಅನ್ನದ ಪಂಕ್ತಿಯಲ್ಲಿ ಕುಳಿತ ಯಾರಿಗೂ ಆ ಪದ ತಿಳಿಯದೆ ಹೋಗಿಲ್ಲ.

ಬೆರಕೆಯ ಬಗ್ಗೆ ಕೇಶಿರಾಜನು ಕಟ್ಟುನಿಟ್ಟಾದವನು. ಸಂಸ್ಕೃತದೊಡನೆ ಕನ್ನಡವನ್ನು ಸಮಾಸಮಾಡಿದರೆ ಅದು ಅರಿಸಮಾಸವೆಂದೂ, ಪೂರ್ವಕವಿಗಳ ಪ್ರಯೋಗ ಬಿರುದಾವಳಿ ಮುಂತಾದುವುಗಳನ್ನುಳಿದು ಅದು ಸಲ್ಲದೆಂದೂ ಶಬ್ದಮಣಿದರ್ಪಣದಲ್ಲಿ ವಿಧಿಸಿದ್ದಾನೆ. ಯುರೋಪಿನಲ್ಲಿಯೂ ಅಂತಹ ಮಡಿವಂತರಿದ್ದರು. ‘ಟೆಲಿವಿಷನ್’ ಎಂಬಲ್ಲಿ ಮೊದಲರ್ಧ ಗ್ರೀಕು, ಎರಡನೆಯದು ಲ್ಯಾಟಿನ್. ಅದು ಅವರ ಅರಿಸಮಾಸ. ಅವರ ಗೊಣಗಾಟ ಯಾರ ಕಿವಿಗೂ ಬೀಳಲಿಲ್ಲ. ಇಲ್ಲಿ ಬಸ್‌ನಿಲ್ದಾಣವೂ ಹಾಗೆಯೇ ನಿಂತಿದೆ. ಥರ್ಮಾಮೀಟರನ್ನು ‘ಉಷ್ಣತಾಮಾಪಕ’ವೆಂದು ಪುಸ್ತಕದಲ್ಲಿ ಬರೆದರೂ ಬ್ಯಾರನ್ನಿನ ಮುಂದೆ ಯಾರೂ ಹಾಗೆನ್ನುವುದಿಲ್ಲ, ಅನ್ನಬೇಕೆಂದು ಬಲವಂತಪಡಿಸುವುದರಿಂದ ಪ್ರಯೋಜನವೂ ಇಲ್ಲ. ಜನ ಆಗಲೇ ನಾಲಗೆಗೆ ಹೊಂದಿಸಿಕೊಂಡ ಪದ ಕನ್ನಡವೇ. ಈ ಕಡೆಯ ಹಿರಿಯರು ಹೇಳುವ ‘ಇಸ್ಕೂಲು’ ಕೂಡ ಗ್ರೀಕ್ ಮೂಲದ್ದು. ಅಲ್ಲಿ ‘ಸ್ಖೊಲೇ’ ಎಂದರೆ ಬಿಡುವು, ವಿರಾಮ. ದುಡಿತವಿಲ್ಲದ ಹೊತ್ತಿನಲ್ಲಿ ನಡೆಯುವ ಚರ್ಚೆ, ಅದು ನಡೆಯುವ ಸ್ಥಳ ಎಂದು ಅರ್ಥ ಬೆಳೆಯಿತು. ಗಣತಿಯ ಪಟ್ಟಿಗಳಲ್ಲಿ ಮುಳುಗಿರುವ ಇಂದಿನ ಉಪಾಧ್ಯಾಯರು ಇದನ್ನು ಕೇಳಿ ನಕ್ಕರೆ ತಪ್ಪಿಲ್ಲ.

ಹೊಲದ ಬದುವಿನ ಮೇಲೆಯೇ ಮಾಡಬಹುದಾದ ಪಾಠಗಳಿವೆ. ಹೊಗೆಸೊಪ್ಪಿನ ಬೇರಿಗೆ ಅಂಟಿಕೊಂಡು ಸಾರವನ್ನೆಲ್ಲ ಹೀರುವ, ಹಸಿರೆಲೆಯಿಲ್ಲದ ಕಳೆಯೊಂದನ್ನು ಇಲ್ಲಿಯ ಮಕ್ಕಳೆಲ್ಲ ಕಿತ್ತು ಬಲ್ಲರು. ಶಾಸ್ತ್ರದಲ್ಲಿ ಅದರ ಹೆಸರು ‘ಒರೊಬಾಂಕಿ’. ‘ಒರೊಬೊಸ್’ ಎಂದರೆ ಒಂದು ಜಾತಿಯ ಕಾಳುಗಿಡ, ‘ಆಂಖೇಯಿನ್’ ಎಂದರೆ ಕತ್ತು ಹಿಸುಕುವುದು. ಕಾಳುಗಿಡದ ಕೊರಳು ಹಿಸುಕುವುದು. ಹೆಸರನ್ನು ಬಿಡಿಸಿದೊಡನೆ ಕಳೆಯ ಸ್ವಭಾವವೇ ಎದುರು ನಿಲ್ಲುತ್ತದೆ. ಹುಣಸೂರು ಪಿರಿಯಾಪಟ್ಟಣಗಳ ಹೊಲಗಳಲ್ಲಿ ಬೆಳೆಯುವ ಶುಂಠಿಯ ಕುಲನಾಮ ‘ಝಿಂಜಿಬರ್’. ಅದು ಗ್ರೀಕಿನ ‘ಜಿಗ್ಗಿಬೆರಿಸ್’. ಗ್ರೀಕರಿಗಾದರೋ ಅದು ಭಾರತದಿಂದ ಹೋದುದು. ಪ್ರಾಕೃತದ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’. ಅದರ ಕೊನೆಯ ‘ವೇರ’ವು ದ್ರಾವಿಡದ ‘ವೇರ್’, ನಮ್ಮ ‘ಬೇರು’ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪಿಪ್ಪಲಿಯೂ ಹೀಗೆಯೇ ಹೋಗಿ ‘ಪೆಪೆರಿ’ಯಾಗಿ, ಇಂಗ್ಲಿಷಿನ ‘ಪೆಪ್ಪರ್’ ಆಯಿತು.

ಇವೆಲ್ಲ ಪ್ರಾಚೀನ ಕಾಲದ ವ್ಯಾಪಾರ. ಈಚಿನ ಕಾಲದಲ್ಲಿ ಕನ್ನಡದ ಪದವೊಂದು ನೇರವಾಗಿ ಶಾಸ್ತ್ರದ ಪಟ್ಟಿಗೆ ಸೇರಿದ ಪ್ರಸಂಗವೂ ಇದೆ. 1876ರಲ್ಲಿ ಡಿ ಬಾರಿ ಎಂಬ ಜರ್ಮನ್ ವಿಜ್ಞಾನಿ ಆಲೂಗೆಡ್ಡೆಯ ಪಿಡುಗಿಗೆ ಕಾರಣವಾದ ಬೂಷ್ಟಿನ ಕುಲಕ್ಕೆ ‘ಫೈಟಾಫ್ತೊರ’ ಎಂದು ಹೆಸರಿಟ್ಟನು. ‘ಫುತೊನ್’ 'ಗಿಡ', ‘ಫ್ಥೊರಾ’ 'ನಾಶ'. ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗ ಈ ಕುಲದ್ದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ನರು 1910ರಲ್ಲಿ ಅದರ ಮೇಲೆ ಪ್ರಕಟಿಸಿದ ಇಂಗ್ಲಿಷ್ ಪ್ರಬಂಧದ ಶೀರ್ಷಿಕೆಯಲ್ಲಿ ‘ಕೊಳೆರೋಗ’ವೆಂಬ ಪದವನ್ನೇ ಉಳಿಸಿಕೊಂಡರು. ಅದಕ್ಕೆ ಮೊದಲೇ, ಅದೇ 1876ರಲ್ಲಿ, ಮೈಸೂರಿನ ಕಾಫಿಗಿಡಗಳಿಗೆ ಹತ್ತಿದ ಬೇರೊಂದು ಬೂಷ್ಟನ್ನು ಪರೀಕ್ಷಿಸಿದ ಎಂ. ಸಿ. ಕುಕ್ ಎಂಬ ಇಂಗ್ಲಿಷ್ ವಿದ್ವಾಂಸನು, ಗ್ರೀಕನ್ನಾಗಲಿ ಲ್ಯಾಟಿನ್ನನ್ನಾಗಲಿ ಹುಡುಕದೆ, ತೋಟದ ಆಳುಗಳು ಹೇಳುವ ಹೆಸರನ್ನೇ ತೆಗೆದುಕೊಂಡು ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ವೆಂದು ದಾಖಲುಮಾಡಿದನು. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ‘ಕೊಳೆರೋಗ’ವನ್ನು ಕುಲನಾಮವಾಗಿಯೇ ಸ್ಥಾಪಿಸಿದನು. ಕನ್ನಡದ ಕೊಳೆ, ಸಂಸ್ಕೃತದ ರೋಗ. ಕೇಶಿರಾಜನ ಲೆಕ್ಕದಲ್ಲಿ ಅದೂ ಅರಿಸಮಾಸ.